ದೊಡ್ಡವರ ಮೇಲೆ ಆರೋಪ ಮಾಡಿದವರು ಸತ್ತ ಸುದ್ದಿ ಬಂದಾಗ: ಏನು ಓದಬೇಕು, ಏನು ಹಂಚಬಾರದು

ಹೆಸರು ಮಾಡಿದ ಹೆಣ್ಣುಮಗಳೊಬ್ಬರು ದುಡ್ಡು, ಅಧಿಕಾರ ಎರಡೂ ಇರುವ ಗಂಡಸರ ಮೇಲೆ ದೌರ್ಜನ್ಯದ ಆರೋಪ ಮಾಡುತ್ತಾರೆ. ಆಮೇಲೆ ಒಂದು ದಿನ ಅವರು ತೀರಿಕೊಂಡ ಸುದ್ದಿ ಬರುತ್ತದೆ. ಒಂದು ಗಂಟೆಯೊಳಗೆ ಫೋನ್ ತುಂಬಾ "ಕೊಂದೇಬಿಟ್ಟರು" ಅನ್ನುವ ಮೆಸೇಜು. ಅದರ ಬೆನ್ನಿಗೇ "ಡಿಪ್ರೆಶನ್ ಇತ್ತಂತೆ, ತಲೆ ಸರಿ ಇರಲಿಲ್ಲವಂತೆ" ಅನ್ನುವವರು. ಆ ಹೊತ್ತಿಗೆ ಎರಡೂ ಗುಂಪಿನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಈ ಗಲಾಟೆಯಲ್ಲಿ ಕಳೆದುಹೋಗುವುದು ಆ ಹೆಣ್ಣುಮಗಳು ಬದುಕಿದ್ದಾಗ ಹೇಳಿದ ಮಾತು.

ಅದು ಕಳೆದುಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಎರಡು ಪ್ರಕರಣ ಇಟ್ಟುಕೊಂಡು ಹೇಳುತ್ತೇನೆ. ಒಂದು, ದಕ್ಷಿಣ ಕೊರಿಯಾದ ನಟಿ ಜಾಂಗ್ ಜಾ-ಯೋನ್. 2009ರ ಮಾರ್ಚ್ 7ರಂದು ತೀರಿಕೊಂಡರು. ಆಗ ಅವರಿಗೆ 29 ವರ್ಷ, ಅವರು ನಟಿಸಿದ್ದ ಟಿವಿ ಧಾರಾವಾಹಿ ಆಗಿನ್ನೂ ಪ್ರಸಾರ ಆಗುತ್ತಿತ್ತು. ಇನ್ನೊಂದು, ಹುಡುಗಿಯರನ್ನು ಲೈಂಗಿಕವಾಗಿ ಬಳಸಿಕೊಂಡ ಆರೋಪ ಹೊತ್ತಿದ್ದ ಅಮೆರಿಕದ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್ ವಿರುದ್ಧ ಬಾಯಿಬಿಟ್ಟು ಜಗತ್ತಿಗೇ ಗೊತ್ತಾದ ವರ್ಜೀನಿಯಾ ಜುಫ್ರೆ. 2025ರ ಏಪ್ರಿಲ್ 25ರಂದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ, 41ನೇ ವಯಸ್ಸಿನಲ್ಲಿ ತೀರಿಕೊಂಡರು.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಒಂದು ಹಾಳೆ ತಗೊಳ್ಳಿ, ಇಲ್ಲಾಂದ್ರೆ ಫೋನಿನಲ್ಲೇ ಒಂದು ನೋಟ್ ತೆಗೆಯಿರಿ. ಎರಡು ಸಾಲು ಬರೆಯಿರಿ. ಆಕೆ ಹೇಳಿದ ದೌರ್ಜನ್ಯ ನಡೆದಿತ್ತಾ? ಆಕೆ ಹೇಗೆ ಸತ್ತರು? ಇವು ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಉತ್ತರ ಆಗುವುದಿಲ್ಲ.

ಇದು ಹೇಳುವಷ್ಟು ಸುಲಭ ಅಲ್ಲ. ನಮ್ಮ ಮನಸ್ಸು ಇವೆರಡನ್ನೂ ಗಂಟು ಹಾಕಿಬಿಡುತ್ತದೆ. ಕೊಲೆ ಆಗಿದ್ದರೆ ಮಾತ್ರ ಆಕೆ ಹೇಳಿದ್ದು ನಿಜ, ಆತ್ಮಹತ್ಯೆ ಆದರೆ ಎಲ್ಲ ಮುಗಿಯಿತು, ಆರೋಪಿಗಳು ಬಚಾವ್, ಅನ್ನುವ ಲೆಕ್ಕ ನಮಗೇ ಗೊತ್ತಾಗದ ಹಾಗೆ ಒಳಗೆ ಕೂತುಬಿಡುತ್ತದೆ. ಆರೋಪ ಹೊತ್ತವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಜನ ವರ್ಷಗಟ್ಟಲೆ "ಕೊಲೆ, ಕೊಲೆ" ಅಂತ ಕೂಗುತ್ತಾರೆ, ಕೊನೆಗೆ ವೈದ್ಯಕೀಯ ವರದಿ ಕೊಲೆ ಅಲ್ಲ ಅನ್ನುತ್ತದೆ, ಆ ಕೂಗಿನ ಜೊತೆಗೆ ಮೂಲ ದೂರೂ ಮಣ್ಣಾಗುತ್ತದೆ.

ಜಾಂಗ್ ವಿಷಯದಲ್ಲಿ ನೋಡಿ. ಆಕೆಯ ಸಾವನ್ನು ಪೊಲೀಸರು ಆತ್ಮಹತ್ಯೆ ಎಂದೇ ನೋಡಿದರು. ಆದರೆ ಆಕೆ ಬಿಟ್ಟುಹೋದ ಕೈಬರಹದಲ್ಲಿ ಇದ್ದದ್ದು ಏನು? ತನ್ನ ನಟನೆಯ ಕೆಲಸ ನೋಡಿಕೊಳ್ಳುತ್ತಿದ್ದ ಏಜೆನ್ಸಿಯ ಮುಖ್ಯಸ್ಥ ತನ್ನನ್ನು ಹೊಡೆದ, ಪ್ರಭಾವಿಗಳ ಕುಡಿತದ ಕೂಟಗಳಿಗೆ ಬಲವಂತವಾಗಿ ಕಳಿಸಿದ, ಲೈಂಗಿಕವಾಗಿ ಬಳಸಿಕೊಳ್ಳಲು ಒಪ್ಪಿಸಿದ ಅನ್ನುವ ಮಾತು. ಸಾವು ಆತ್ಮಹತ್ಯೆ ಆದ ಮಾತ್ರಕ್ಕೆ ಇದರಲ್ಲಿ ಒಂದು ಸಾಲಾದರೂ ಸುಳ್ಳಾಗುತ್ತದಾ? ಇಲ್ಲ. ನನ್ನ ಪ್ರಕಾರ ಪ್ರಶ್ನೆ ಇನ್ನೂ ಭಾರ ಆಗುತ್ತದೆ. ಯಾಕೆಂದರೆ 29 ವರ್ಷದ ನಟಿಯನ್ನು ಆ ಸ್ಥಿತಿಗೆ ತಂದವರು ಯಾರು ಅಂತ ಕೇಳಲೇಬೇಕಾಗುತ್ತದೆ.

ಮೊದಲ ಎರಡು ದಿನ

ಏನೂ ಹಂಚಬೇಡಿ. ಓದಿ, ಸುಮ್ನೆ ಇರಿ. ಯಾವ ಸುದ್ದಿ ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಗುರುತು ಮಾಡಿಕೊಳ್ಳಿ: ಪೊಲೀಸರು ಹೆಸರು ಹಾಕಿ ಹೇಳಿದ್ದಾ, ಮನೆಯವರ ಹೇಳಿಕೆಯಾ, ವಕೀಲರದ್ದಾ, ಅಥವಾ "ಮೂಲಗಳ ಪ್ರಕಾರ" ಅನ್ನುವ ಹಾಳು ಸಾಲಾ. ಕೊನೆಯದ್ದನ್ನು ಆ ಎರಡು ದಿನ ಲೆಕ್ಕಕ್ಕೇ ತಗೋಬೇಡಿ.

ಪೊಲೀಸರ ಭಾಷೆ, ಡಾಕ್ಟರ ಭಾಷೆ

ಜುಫ್ರೆ ತೀರಿಕೊಂಡಾಗ ಪಶ್ಚಿಮ ಆಸ್ಟ್ರೇಲಿಯಾ ಪೊಲೀಸರು ಗಂಭೀರ ಅಪರಾಧಗಳ ವಿಭಾಗದ ಪತ್ತೇದಾರರು ವಿಚಾರಣೆ ಮಾಡುತ್ತಿದ್ದಾರೆ, ಮೇಲ್ನೋಟಕ್ಕೆ ಸಾವು ಅನುಮಾನ ಬರುವಂಥದ್ದಲ್ಲ ಎಂದರು. ಕುಟುಂಬದವರು ಆತ್ಮಹತ್ಯೆ ಎಂದು ಹೇಳಿಕೆ ಕೊಟ್ಟರು. ಇಂಟರ್‌ನೆಟ್‌ನಲ್ಲಿ ಒಂದು ಗುಂಪು ಮೊದಲ ಅರ್ಧ ಹಿಡಿದುಕೊಂಡಿತು: "ನೋಡಿ, ದೊಡ್ಡ ಪತ್ತೇದಾರರೇ ಬಂದಿದ್ದಾರೆ, ಏನೋ ಇದೆ." ಇನ್ನೊಂದು ಗುಂಪು ಎರಡನೇ ಅರ್ಧ ಹಿಡಿದುಕೊಂಡಿತು: "ಪೊಲೀಸರೇ ಹೇಳಿದ್ದಾರೆ, ಫೈಲ್ ಕ್ಲೋಸ್." ಆ ಹೇಳಿಕೆಯ ಅರ್ಥ ಇಷ್ಟೇ: ಇಲ್ಲಿಯವರೆಗೆ ಬೇರೆಯವರ ಕೈವಾಡದ ಗುರುತು ಕಂಡಿಲ್ಲ, ಇನ್ನೂ ನೋಡುತ್ತಿದ್ದೇವೆ. ಅದು ತೀರ್ಪಲ್ಲ, ಮುಚ್ಚಿಹಾಕುವ ಕೆಲಸವೂ ಅಲ್ಲ. ಹೆಸರಾಂತ ವ್ಯಕ್ತಿ ಸತ್ತರೆ ಹಿರಿಯ ಪತ್ತೇದಾರರು ಬರುವುದು ಮಾಮೂಲು.

ಮರಣೋತ್ತರ ಪರೀಕ್ಷೆಯಲ್ಲಿ ಎರಡು ಬೇರೆ ಉತ್ತರ ಇರುತ್ತವೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ದೇಹಕ್ಕೆ ಏನಾಗಿ ಜೀವ ಹೋಯಿತು ಅನ್ನುವುದು ಒಂದು. ಅದು ಯಾವ ರೀತಿಯ ಸಾವು ಅನ್ನುವುದು ಇನ್ನೊಂದು: ಸಹಜ, ಅಪಘಾತ, ಆತ್ಮಹತ್ಯೆ, ಕೊಲೆ, ಅಥವಾ ಹೇಳಲಾಗದು. ಮೊದಲನೆಯದು ಗೊತ್ತಾದರೂ ಎರಡನೆಯದು ಗೊತ್ತಾಗದೇ ಇರಬಹುದು. ಉದಾಹರಣೆಗೆ, ಮೈಯಲ್ಲಿ ಔಷಧಿ ಜಾಸ್ತಿ ಸಿಕ್ಕಿತು ಅಂದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆಕೆಯೇ ಬೇಕಂತ ತಗೊಂಡರಾ, ತಪ್ಪಿ ಜಾಸ್ತಿ ತಗೊಂಡರಾ, ಯಾರಾದರೂ ಕೊಟ್ಟರಾ ಅನ್ನುವುದನ್ನು ದೇಹ ಒಂದೇ ಹೇಳುವುದಿಲ್ಲ. ಅದಕ್ಕೆ ಮನೆ, ಫೋನು, ಕೊನೆಯ ದಿನಗಳ ಓಡಾಟ, ಜೊತೆಗಿದ್ದವರ ಮಾತು ಎಲ್ಲ ಬೇಕು. ರಕ್ತ, ಒಳಾಂಗಗಳ ವಿಷ ಪರೀಕ್ಷೆಗೆ ಸಾಮಾನ್ಯವಾಗಿ ವಾರಗಳೇ ಬೇಕು. ಹಾಗಾಗಿ ಎರಡನೇ ದಿನ "ಪೋಸ್ಟ್‌ಮಾರ್ಟಮ್ ರಿಪೋರ್ಟ್ ಲೀಕ್" ಅಂತ ಬಂದರೆ ಅದು ಹೆಚ್ಚೆಂದರೆ ಪ್ರಾಥಮಿಕ ಟಿಪ್ಪಣಿ ಇರಬಹುದು, ಪೂರ್ತಿ ವರದಿ ಆಗಿರುವ ಸಾಧ್ಯತೆ ತೀರಾ ಕಡಿಮೆ.

ಇನ್ನೂ ಒಂದು ಮಾತು. ಫೋಟೋ ನೋಡಿ "ಕುತ್ತಿಗೆ ಮೇಲೆ ಗಾಯ ನೋಡಿ, ಬಣ್ಣ ನೋಡಿ" ಅಂತ ವಿವರಿಸುವವರನ್ನು ದಯವಿಟ್ಟು ನಂಬಬೇಡಿ. ಸತ್ತ ಮೇಲೆ ದೇಹದ ಬಣ್ಣ ತಾನಾಗಿಯೇ ಬದಲಾಗುತ್ತದೆ, ರಕ್ತ ಕೆಳಭಾಗಕ್ಕೆ ಇಳಿದು ಹೊಡೆತದ ಗುರುತಿನ ಹಾಗೆ ಕಾಣುತ್ತದೆ. ಅದನ್ನು ಓದುವುದು ಕಲಿತ ಡಾಕ್ಟರುಗಳ ಕೆಲಸ, ಅದೂ ದೇಹ ಎದುರಿಗಿದ್ದಾಗ.

ಆಕೆ ಬರೆದದ್ದು ಯಾವುದು, ಆಕೆಯ ಹೆಸರಲ್ಲಿ ಬಂದದ್ದು ಯಾವುದು

ಇಲ್ಲಿ ನಿಧಾನ ಮಾಡಿ. ಇಂಥ ಪ್ರಕರಣಗಳು ಗೆಲ್ಲುವುದೂ ಸೋಲುವುದೂ ಇಲ್ಲೇ.

ಜಾಂಗ್ ಬರೆದ ಕಾಗದಕ್ಕೆ 2009ರ ಫೆಬ್ರವರಿ 28ರ ದಿನಾಂಕ ಇತ್ತು. ಸಹಿ ಇತ್ತು, ಹೆಬ್ಬೆಟ್ಟಿನ ಗುರುತು ಇತ್ತು, ಸರ್ಕಾರಿ ಗುರುತಿನ ಸಂಖ್ಯೆಯೂ ಇತ್ತು. ಅಂದರೆ ದುಃಖದಲ್ಲಿ ಗೀಚಿದ ವಿದಾಯದ ಪತ್ರದ ಹಾಗೆ ಇರಲಿಲ್ಲ, ಮುಂದೆ ದೂರು ಕೊಡಲು ಬರೆದ ಹೇಳಿಕೆಯ ಹಾಗೆ ಇತ್ತು. ಮಾರ್ಚ್ 13ರಂದು ಕೊರಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಕೆಬಿಎಸ್ ಅದರ ಬಗ್ಗೆ ಸುದ್ದಿ ಮಾಡಿತು. ಅದಕ್ಕೂ ಮೊದಲು ಹೆಚ್ಚಾಗಿ ಕೇಳಿಬರುತ್ತಿದ್ದದ್ದು "ಖಿನ್ನತೆ" ಅನ್ನುವ ಮಾತು. ಮೂಲ ಪ್ರತಿಯನ್ನು ಸುಟ್ಟುಹಾಕಲಾಗಿತ್ತು, ತನಿಖೆಗೆ ಉಳಿದದ್ದು ನಕಲು ಪ್ರತಿಗಳು. ಈ ಒಂದು ವಿಷಯ ಮುಂದೆ ಹತ್ತು ವರ್ಷ ಕಾಡಿತು.

ಆಮೇಲೆ ನಡೆದದ್ದು ಕೇಳಿ. ಎರಡು ವರ್ಷದ ನಂತರ, 2011ರ ಮಾರ್ಚ್‌ನಲ್ಲಿ, ಎಸ್‌ಬಿಎಸ್ ಅನ್ನುವ ಇನ್ನೊಂದು ವಾಹಿನಿ ದೊಡ್ಡ ಸುದ್ದಿ ಒಡೆಯಿತು: ಜಾಂಗ್ ಬರೆದ ಸುಮಾರು 50 ಪತ್ರ, 230 ಪುಟ ಸಿಕ್ಕಿವೆ, ಜೈಲಿನಲ್ಲಿದ್ದ ಪರಿಚಯದವನೊಬ್ಬನಿಗೆ ಬರೆದದ್ದು, ಅದರಲ್ಲಿ 31 ಜನರ ವಿಷಯ ಇದೆ. ಇಡೀ ದೇಶ ಕೊತಕೊತ ಕುದಿಯಿತು. ಹತ್ತೇ ದಿನದಲ್ಲಿ, ಮಾರ್ಚ್ 16ಕ್ಕೆ, ರಾಷ್ಟ್ರೀಯ ವಿಧಿವಿಜ್ಞಾನ ಸಂಸ್ಥೆ ಕೈಬರಹ ತಾಳೆ ನೋಡಿ ಇದು ಜಾಂಗ್ ಬರಹ ಅಲ್ಲ ಎಂದಿತು. ಪತ್ರಗಳು ನಕಲಿ.

ಇದರಿಂದ ಯಾರಿಗೆ ಲಾಭ ಆಯಿತು ಯೋಚಿಸಿ. "ಜಾಂಗ್ ಪತ್ರ ನಕಲಿಯಂತೆ" ಅನ್ನುವುದು ಜನರ ತಲೆಯಲ್ಲಿ ಉಳಿಯಿತು. 2009ರ ಕಾಗದ ಬೇರೆ, 2011ರ ಪತ್ರಗಳು ಬೇರೆ ಅಂತ ಎಷ್ಟು ಜನ ನೆನಪಿಟ್ಟುಕೊಂಡರು? ಹಾಗಾಗಿ ನೀವು ಮಾಡಬೇಕಾದ್ದು: ಪ್ರತಿ ಕಾಗದಕ್ಕೂ ಒಂದೊಂದು ಸಾಲು ಬರೆದಿಡಿ. ಯಾವಾಗ ಬರೆದದ್ದು, ಯಾರ ಕೈಯಿಂದ ಹೊರಬಂತು, ಮೂಲ ಪ್ರತಿ ಎಲ್ಲಿದೆ, ಕೈಬರಹ ಪರೀಕ್ಷೆ ಆಗಿದೆಯಾ. ಒಂದು ಕಾಗದ ನಕಲಿ ಅಂತ ಗೊತ್ತಾದರೆ ಆ ಒಂದು ಸಾಲು ಮಾತ್ರ ಹೊಡೆದುಹಾಕಿ, ಉಳಿದದ್ದನ್ನು ಮುಟ್ಟಬೇಡಿ.

"ಲಿಸ್ಟ್" ವಿಷಯವೂ ಹಾಗೆಯೇ. ಇಂಥ ಎಲ್ಲ ಪ್ರಕರಣದಲ್ಲೂ ಹೆಸರುಗಳ ಪಟ್ಟಿ ಇದೆ ಅಂತ ಒಂದು ಮಾತು ಹುಟ್ಟುತ್ತದೆ, ಪಟ್ಟಿ ಅಂತ ಒಂದು ಚಿತ್ರ ಓಡಾಡುತ್ತದೆ. ಜಾಂಗ್ ಪ್ರಕರಣವನ್ನು ಮತ್ತೆ ಪರಿಶೀಲಿಸಿದ ಸಮಿತಿ 2019ರಲ್ಲಿ ಹೇಳಿದ್ದನ್ನು ಗಮನವಿಟ್ಟು ನೋಡಿ. ಆಕೆ ಬರೆದ ಕಾಗದದ ವಿವರಗಳನ್ನು ಹೆಚ್ಚಾಗಿ ನಂಬಬಹುದು. ಆದರೆ ದೌರ್ಜನ್ಯ ಮಾಡಿದವರ ಪ್ರತ್ಯೇಕ ಪಟ್ಟಿಯೊಂದು ಇತ್ತಾ ಇಲ್ಲವಾ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಒಂದೇ ವರದಿಯಲ್ಲಿ ಎರಡೂ ಇದೆ. "ಲಿಸ್ಟ್ ಇಲ್ಲವಂತೆ, ಎಲ್ಲಾ ಸುಳ್ಳು" ಅಂದವರೂ ವರದಿ ಓದಿರಲಿಲ್ಲ, ಪಟ್ಟಿ ಅಂತ ಹೆಸರುಗಳನ್ನು ಹರಿಬಿಟ್ಟವರೂ ಓದಿರಲಿಲ್ಲ.

ಜುಫ್ರೆ ವಿಷಯದಲ್ಲಿ ನಮಗೆ ಇದಕ್ಕಿಂತ ಗಟ್ಟಿ ನೆಲ ಇದೆ, ಅದು ಕೋರ್ಟಿನ ಕಡತ. ಎಪ್‌ಸ್ಟೀನ್‌ನ ಜೊತೆಗಾತಿ ಗಿಲೇನ್ ಮ್ಯಾಕ್ಸ್‌ವೆಲ್ ವಿರುದ್ಧ ಅವರು 2015ರಲ್ಲಿ ಹಾಕಿದ್ದ ಮಾನನಷ್ಟ ದಾವೆಯ ಸುಮಾರು 2,000 ಪುಟ 2019ರ ಆಗಸ್ಟ್ 9ರಂದು ಬಹಿರಂಗವಾಯಿತು. ಮರುದಿನವೇ ಎಪ್‌ಸ್ಟೀನ್ ನ್ಯೂಯಾರ್ಕಿನ ಜೈಲಿನಲ್ಲಿ ಸತ್ತ. ಇಡೀ ಜಗತ್ತು ಆ ಸಾವಿನ ಹಿಂದೆ ಓಡಿತು, ಹಿಂದಿನ ದಿನ ತೆರೆದ ಪುಟಗಳನ್ನು ಓದಿದವರು ಕಡಿಮೆ. ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಸಿಗುತ್ತದೆ ಅಂದರೆ ಮೊದಲು ಅದನ್ನು ಓದಿ. ಹತ್ತು ವಿಡಿಯೋ ನೋಡುವ ಸಮಯದಲ್ಲಿ ಒಂದು ಹೇಳಿಕೆ ಓದಿ ಮುಗಿಸಬಹುದು.

ಹಳೆಯ ಪೋಸ್ಟ್ ಮೇಲೆ ಬಂದಾಗ

"ನನಗೆ ಸಾಯುವ ಯೋಚನೆ ಇಲ್ಲ, ನನಗೇನಾದರೂ ಆದರೆ ನಂಬಬೇಡಿ" ಅನ್ನುವ ಅರ್ಥದ ಹಳೆಯ ಪೋಸ್ಟ್ ಹುಡುಕಿ ತೆಗೆಯುವುದು ಈಗ ಮೊದಲ ದಿನದ ಕೆಲಸ ಆಗಿಬಿಟ್ಟಿದೆ. ಜುಫ್ರೆ ಅಂಥದ್ದನ್ನು ಬರೆದದ್ದು ನಿಜ. 2019ರ ಡಿಸೆಂಬರ್‌ನಲ್ಲಿ. ಅವರು ಸತ್ತದ್ದು ಅದಾಗಿ ಐದು ವರ್ಷದ ಮೇಲೆ. ಅದನ್ನು ಬರೆದಾಗ ಅವರಿಗೆ ಜೀವದ ಭಯ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ, ಆ ಭಯವನ್ನು ಹಗುರವಾಗಿ ನೋಡಬಾರದು. ಐದು ವರ್ಷದ ನಂತರದ ಸಾವು ಹೇಗಾಯಿತು ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಮಧ್ಯದ ವರ್ಷಗಳಲ್ಲಿ ಬದುಕು ಎಷ್ಟು ಬದಲಾಗಿತ್ತು, ಎಷ್ಟು ನೋವು ಸೇರಿತ್ತು ಅನ್ನುವುದು ಸ್ಕ್ರೀನ್‌ಶಾಟಿನಲ್ಲಿ ಬರುವುದಿಲ್ಲ. ದೌರ್ಜನ್ಯ ಅನುಭವಿಸಿ, ಅದನ್ನು ಸಾರಿ ಸಾರಿ ಹೇಳಿ, ಪ್ರತಿಸಲ ಸುಳ್ಳಿ ಅನ್ನಿಸಿಕೊಂಡು ಬದುಕುವುದು ಮನುಷ್ಯರನ್ನು ಒಳಗಿಂದ ತಿನ್ನುತ್ತದೆ. ಜುಫ್ರೆ ಕುಟುಂಬದ ಹೇಳಿಕೆಯಲ್ಲೂ ಆ ಭಾರದ ಮಾತೇ ಇತ್ತು.

ದಿನಾಂಕ ಕತ್ತರಿಸಿದ ಸ್ಕ್ರೀನ್‌ಶಾಟ್ ಬಂದರೆ ಕಳಿಸಿದವರನ್ನೇ ಕೇಳಿ: ಇದು ಯಾವತ್ತಿನದು?

ತನಿಖೆ ಹೇಗೆ ನಡೆಯಿತು ಅಂತ ಅಳೆಯುವುದು

"ಯಾರು ಕೊಂದರು" ಅನ್ನುವುದಕ್ಕಿಂತ "ತನಿಖೆ ಸರಿಯಾಗಿ ಆಯಿತಾ" ಅನ್ನುವುದು ಒಳ್ಳೆಯ ಪ್ರಶ್ನೆ. ಯಾಕೆಂದರೆ ಇದನ್ನು ಹೊರಗಿನವರೂ ಪರೀಕ್ಷೆ ಮಾಡಬಹುದು. ಯಾರನ್ನು ವಿಚಾರಿಸಿದರು, ಯಾರನ್ನು ಬಿಟ್ಟರು? ಮನೆ ಎಷ್ಟು ಹೊತ್ತು ಹುಡುಕಿದರು? ಫೋನಿನ ಕರೆ ದಾಖಲೆ ತೆಗೆಸಿದರಾ, ಅದು ಕಡತದಲ್ಲಿ ಉಳಿದಿದೆಯಾ? ಕಂಪ್ಯೂಟರು, ಡೈರಿ?

ಜಾಂಗ್ ಪ್ರಕರಣದಲ್ಲಿ ಈ ಪ್ರಶ್ನೆಗಳಿಗೆ ಬಂದ ಉತ್ತರ ಕೇಳಿದರೆ ಈಗಲೂ ಸಿಟ್ಟು ಬರುತ್ತದೆ. ಆಕೆಯ ಮನೆಯ ಶೋಧ 57 ನಿಮಿಷದಲ್ಲಿ ಮುಗಿದಿತ್ತು. ಆಕೆ ಕೈಯಲ್ಲಿ ಬರೆದ ನೋಟ್‌ಬುಕ್, ಯಾರನ್ನೆಲ್ಲ ಭೇಟಿ ಮಾಡಿದ್ದರು ಅನ್ನುವುದನ್ನು ಹೇಳಬಹುದಾದ ವಿಸಿಟಿಂಗ್ ಕಾರ್ಡುಗಳು, ಇಂಥ ಮುಖ್ಯ ವಸ್ತುಗಳನ್ನೇ ಸರಿಯಾಗಿ ವಶಕ್ಕೆ ತಗೊಂಡಿರಲಿಲ್ಲ. ಕರೆ ದಾಖಲೆಯ ಮೂಲ ಪ್ರತಿ ಕಡತದಲ್ಲಿ ಇರಲೇ ಇಲ್ಲ. 2009ರ ಆಗಸ್ಟ್‌ನಲ್ಲಿ ಪ್ರಾಸಿಕ್ಯೂಟರುಗಳು ಕೋರ್ಟಿಗೆ ಎಳೆದದ್ದು ಇಬ್ಬರನ್ನು ಮಾತ್ರ: ಏಜೆನ್ಸಿಯ ಮುಖ್ಯಸ್ಥ ಮತ್ತು ಹಿಂದಿನ ಮ್ಯಾನೇಜರ್. ಮುಖ್ಯಸ್ಥನಿಗೆ ಹಲ್ಲೆಯ ಪ್ರಕರಣದಲ್ಲಿ ಶಿಕ್ಷೆ ಆಯಿತು, ಆದರೆ ಅದು ಅಮಾನತಿನಲ್ಲಿಟ್ಟ ಶಿಕ್ಷೆ, ಅಂದರೆ ಮತ್ತೆ ತಪ್ಪು ಮಾಡದಿದ್ದರೆ ಜೈಲಿಗೆ ಹೋಗಬೇಕಾಗಿಲ್ಲ. ಕೂಟಗಳಲ್ಲಿ ಕೂತಿದ್ದ ಪ್ರಭಾವಿಗಳಲ್ಲಿ ಒಬ್ಬರ ಮೇಲೂ ಆಗ ಕೇಸು ನಡೆಯಲಿಲ್ಲ.

ಆದರೂ ಇಲ್ಲಿ ಒಂದು ಎಚ್ಚರಿಕೆ ಬೇಕು. ತನಿಖೆ ಕೆಟ್ಟದಾಗಿತ್ತು ಅಂದರೆ ಕೊಲೆ ಆಯಿತು ಅಂತ ಅರ್ಥ ಅಲ್ಲ. ಎಪ್‌ಸ್ಟೀನ್ ಸಾವನ್ನೇ ತಗೊಳ್ಳಿ. ಕಾವಲಿನವರು ಸುತ್ತು ಬರಲಿಲ್ಲ, ಬಂದೆವು ಅಂತ ಸುಳ್ಳು ದಾಖಲೆ ಬರೆದರು, ಕ್ಯಾಮೆರಾಗಳ ರೆಕಾರ್ಡಿಂಗ್ ಸರಿ ಇರಲಿಲ್ಲ. ಇದನ್ನೆಲ್ಲ 2023ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯೊಳಗಿನ ತಪ್ಪುಗಳನ್ನು ತನಿಖೆ ಮಾಡುವ ಅಧಿಕಾರಿ) ವರದಿಯೇ ಹೇಳಿತು. ಅದೇ ವರದಿ, ಆತ್ಮಹತ್ಯೆ ಅನ್ನುವ ತೀರ್ಮಾನಕ್ಕೆ ವಿರುದ್ಧವಾದದ್ದು ಏನೂ ಸಿಗಲಿಲ್ಲ ಎಂದೂ ಹೇಳಿತು. ಬೇಜವಾಬ್ದಾರಿಯನ್ನು ಬೇಜವಾಬ್ದಾರಿ ಅಂತಲೇ ಹಿಡಿದು ಕೇಳಿ. ಅದನ್ನು ಕೊಲೆಯ ಸಾಕ್ಷಿ ಮಾಡಲು ಹೋದರೆ, ನಿಜವಾಗಿ ಸಾಬೀತಾಗಿರುವ ತಪ್ಪಿನಿಂದಲೂ ಅವರು ತಪ್ಪಿಸಿಕೊಳ್ಳುತ್ತಾರೆ.

ಪರವಾಗಿ ಮಾತಾಡುವವರು, ಕೋರ್ಟಿನ ತೀರ್ಪು, ಮತ್ತೆ ಬಿರುಕುಗಳು

ಸತ್ತವರ ಪರ ನಿಂತು ಮಾತಾಡುವವರು ಬರುತ್ತಾರೆ. ಗೆಳತಿ, ಸಹನಟಿ, ವಕೀಲ, ಹಳೆಯ ಮ್ಯಾನೇಜರ್. ಇವರಲ್ಲಿ ಕಣ್ಣಾರೆ ನೋಡಿದವರು ಯಾರು, ಕೇಳಿ ಹೇಳುತ್ತಿರುವವರು ಯಾರು ಅಂತ ಬೇರೆ ಮಾಡಿ. ಜಾಂಗ್ ಪ್ರಕರಣದಲ್ಲಿ ಸಹೋದ್ಯೋಗಿಯೊಬ್ಬರು ಧೈರ್ಯವಾಗಿ ಮುಂದೆ ಬಂದು ಸಾಕ್ಷಿ ಹೇಳಿದರು, ದೇಶದಲ್ಲಿ ದೊಡ್ಡ ಹೆಸರಾಯಿತು, ಆಮೇಲೆ ದೇಣಿಗೆ ಸಂಗ್ರಹದ ವಿಷಯದಲ್ಲಿ ಅವರ ಮೇಲೆಯೇ ದೂರು ಬಂತು. ತಕ್ಷಣ "ಇಡೀ ಪ್ರಕರಣವೇ ಮೋಸ" ಅನ್ನುವವರು ಎದ್ದರು. ಸಾಕ್ಷಿಯ ಮೇಲೆ ಅನುಮಾನ ಬಂದರೆ ಆ ಸಾಕ್ಷಿಯ ಮಾತಿನ ಮೇಲೆ ಮಾತ್ರ ಅನುಮಾನ ಪಡಬಹುದು. 2009ರಲ್ಲೇ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಬರೆದಿಟ್ಟು ಹೋದವರ ಮಾತು ಅದರಿಂದ ಅಲುಗಾಡುವುದಿಲ್ಲ.

ಅದೇ ಪ್ರಕರಣದಲ್ಲಿ ಕಿರುಕುಳದ ಆರೋಪ ಹೊತ್ತ ಒಬ್ಬ ಮಾಜಿ ಪತ್ರಕರ್ತ 2019ರ ಆಗಸ್ಟ್‌ನಲ್ಲಿ ಖುಲಾಸೆ ಆದರು. ಸಾಕ್ಷಿಯ ಗುರುತಿಸುವಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಖುಲಾಸೆ ಆದ ಮೇಲೆ ಅವರನ್ನು ಅಪರಾಧಿ ಅಂತ ಬರೆಯಬಾರದು, ಅಷ್ಟೇ ಸರಳ. ಆ ತೀರ್ಪು ಆ ಒಬ್ಬ ವ್ಯಕ್ತಿ, ಆ ಒಂದು ಆರೋಪದ ಬಗ್ಗೆ. ಕಾಗದದಲ್ಲಿದ್ದ ಉಳಿದದ್ದರ ಬಗ್ಗೆ ಅಲ್ಲ.

ಆರೋಪ ಮಾಡಿದವರೂ ಮನುಷ್ಯರು. ಅವರ ಎಲ್ಲ ಮಾತೂ ಒಂದೇ ತೂಕದ್ದಾಗಿ ಇರುವುದಿಲ್ಲ. ಒಬ್ಬ ಪ್ರಸಿದ್ಧ ವಕೀಲರ ಮೇಲೆ ಮಾಡಿದ್ದ ಆರೋಪದ ಬಗ್ಗೆ, ತಾನು ಗುರುತಿಸುವಾಗ ತಪ್ಪಿರಬಹುದು ಎಂದು ಜುಫ್ರೆ 2022ರ ನವೆಂಬರ್‌ನಲ್ಲಿ ಒಪ್ಪಿ ದಾವೆ ಬಿಟ್ಟರು. 2025ರ ಮಾರ್ಚ್‌ನಲ್ಲಿ ಅಪಘಾತವಾಗಿ ತನಗೆ ನಾಲ್ಕೇ ದಿನ ಉಳಿದಿದೆ ಎಂದು ಅವರು ಹಾಕಿದ ಪೋಸ್ಟ್ ಬಗ್ಗೆ, ಅದು ಸಣ್ಣ ಅಪಘಾತ ಎಂದು ಪೊಲೀಸರು ಹೇಳಿದರು. ಇವೆರಡನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟರೆ ನಾಳೆ ಬೇರೆಯವರು ಅದನ್ನೇ ಆಯುಧ ಮಾಡಿಕೊಳ್ಳುತ್ತಾರೆ. ಜೊತೆಗೇ ಇದನ್ನೂ ಹೇಳಿ: ಮ್ಯಾಕ್ಸ್‌ವೆಲ್‌ಗೆ 2021ರ ಡಿಸೆಂಬರ್‌ನಲ್ಲಿ ಅಪರಾಧ ಸಾಬೀತಾಯಿತು, 2022ರ ಜೂನ್‌ನಲ್ಲಿ 20 ವರ್ಷ ಜೈಲು ಆಯಿತು, ಆ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದು ಜುಫ್ರೆ ಅಲ್ಲ, ಬೇರೆ ನಾಲ್ವರು ಹೆಂಗಸರು. ಅಂದರೆ ಹುಡುಗಿಯರನ್ನು ಬಲೆಗೆ ಹಾಕುವ ವ್ಯವಸ್ಥೆ ಇತ್ತು ಅನ್ನುವುದು ಜುಫ್ರೆ ಒಬ್ಬರ ಮಾತಿನ ಮೇಲೆ ನಿಂತಿಲ್ಲ. ಬ್ರಿಟನ್ ರಾಜ ಚಾರ್ಲ್ಸ್ ಅವರ ತಮ್ಮ, ಆಗ ಪ್ರಿನ್ಸ್ ಆಗಿದ್ದ ಆಂಡ್ರೂ ವಿರುದ್ಧ ಜುಫ್ರೆ ಹಾಕಿದ್ದ ದಾವೆ 2022ರ ಫೆಬ್ರವರಿಯಲ್ಲಿ ರಾಜಿಯಲ್ಲಿ ಮುಗಿಯಿತು. ಆಂಡ್ರೂ ತಪ್ಪು ಒಪ್ಪಿಕೊಳ್ಳಲಿಲ್ಲ, ಆರೋಪವನ್ನು ಈಗಲೂ ನಿರಾಕರಿಸುತ್ತಾರೆ. ಇದನ್ನು ಬರೆಯುವಾಗ "ರಾಜಿ ಆಯಿತು" ಅಂತಲೇ ಬರೆಯಿರಿ, "ತಪ್ಪೊಪ್ಪಿಕೊಂಡರು" ಅಂತಲೂ ಬೇಡ, "ಖುಲಾಸೆ ಆದರು" ಅಂತಲೂ ಬೇಡ.

ಹಂಚುವಾಗ

ಸತ್ತ ರೀತಿಯ ವಿವರ ಹಂಚಬೇಡಿ. ಹೇಗೆ, ಯಾವುದರಿಂದ, ಎಲ್ಲಿ ಅನ್ನುವುದು ಯಾರಿಗೂ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಹೇಳುವುದೂ ಇದನ್ನೇ: ವಿಧಾನ ವಿವರಿಸಬೇಡಿ, ಒಂದೇ ಕಾರಣ ಅಂತ ಬರೆಯಬೇಡಿ. ಇದು ಬರೀ ಮರ್ಯಾದೆಯ ಮಾತಲ್ಲ. ಜಾಂಗ್ ಸಾವಿಗೆ ಐದು ತಿಂಗಳ ಹಿಂದೆ, 2008ರ ಅಕ್ಟೋಬರ್‌ನಲ್ಲಿ, ಕೊರಿಯಾದ ಜನಪ್ರಿಯ ನಟಿ ಚೋಯಿ ಜಿನ್-ಸಿಲ್ ಆತ್ಮಹತ್ಯೆ ಮಾಡಿಕೊಂಡಿದ್ದರು. ಅದಕ್ಕೂ ಮೊದಲು ಆಕೆಯ ಬಗ್ಗೆ ಇಂಟರ್‌ನೆಟ್‌ನಲ್ಲಿ ಕೆಟ್ಟ ವದಂತಿ ಹಬ್ಬಿತ್ತು. ಆ ಸಾವಿನ ಸುದ್ದಿಯ ನಂತರದ ವಾರಗಳಲ್ಲಿ ಆ ದೇಶದಲ್ಲಿ ಆತ್ಮಹತ್ಯೆಗಳು ಏರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ನೀವು ಕಳಿಸುವ ಮೆಸೇಜನ್ನು ಓದುವವರಲ್ಲಿ ಅಂಥದ್ದೇ ನೋವು ತಿನ್ನುತ್ತಿರುವವರು ಇರುತ್ತಾರೆ. ದೌರ್ಜನ್ಯ ಅನುಭವಿಸಿ ಇನ್ನೂ ಯಾರಿಗೂ ಹೇಳದವರೂ ಇರುತ್ತಾರೆ. "ಬಾಯಿಬಿಟ್ಟರೆ ಇದೇ ಗತಿ" ಅನ್ನುವ ಸಾಲು ಅವರ ಬಾಯಿ ಮುಚ್ಚಿಸುತ್ತದೆ, ಆರೋಪಿಗಳಿಗೆ ಬೇಕಾದದ್ದೂ ಅದೇ. ಈ ಸುದ್ದಿ ಓದಿ ನಿಮಗೇ ಒಳಗೆ ಕುಸಿದ ಹಾಗೆ ಆದರೆ ಫೋನ್ ಬದಿಗಿಟ್ಟು ನಂಬಿಕೆಯವರ ಹತ್ತಿರ ಮಾತಾಡಿ, ಆಗದಿದ್ದರೆ ಸಹಾಯವಾಣಿಗೆ ಕರೆ ಮಾಡಿ.

ಹೆಸರುಗಳ ವಿಷಯ. ಕೋರ್ಟ್ ಕಡತದಲ್ಲಿ, ಅಧಿಕೃತ ವರದಿಯಲ್ಲಿ ಇರುವ ಹೆಸರನ್ನು, ಅಲ್ಲಿ ಹೇಗಿದೆಯೋ ಹಾಗೆ, ಅವರ ನಿರಾಕರಣೆಯ ಜೊತೆಗೆ ಹೇಳಿ. ಊಹೆಯ ಹೆಸರು ಬೇಡವೇ ಬೇಡ. ಕೊರಿಯಾದಲ್ಲಿ ನಿಜ ಹೇಳಿದರೂ ಮಾನನಷ್ಟದ ಕ್ರಿಮಿನಲ್ ಕೇಸು ಬೀಳಬಹುದು, ಸಾರ್ವಜನಿಕ ಹಿತಕ್ಕಾಗಿ ಹೇಳಿದೆ ಅಂತ ತೋರಿಸಿದರೆ ಮಾತ್ರ ರಕ್ಷಣೆ. ಅಲ್ಲಿನ ಸುದ್ದಿಗಳಲ್ಲಿ ಪೂರ್ತಿ ಹೆಸರಿನ ಬದಲು ಒಂದಕ್ಷರ ಹಾಕುವುದಕ್ಕೆ ಇದೂ ಒಂದು ಕಾರಣ. ಆ ಒಂದಕ್ಷರ ನೋಡಿ ಯಾರೋ ಮೂರನೆಯವರ ಹೆಸರು ತುಂಬಿಸುವುದು ಅನ್ಯಾಯ. ಇತರ ಸಂತ್ರಸ್ತೆಯರ ಹೆಸರು, ಸತ್ತವರ ಮಕ್ಕಳ ಫೋಟೋ, ಮನೆಯ ವಿಳಾಸ ಇವುಗಳನ್ನು ಎಲ್ಲಿ ಕಂಡರೂ ಮುಂದೆ ಕಳಿಸಬೇಡಿ.

ಆಮೇಲೂ ಜೊತೆಗಿರುವುದು

ಗಲಾಟೆ ಒಂದು ವಾರ ಇರುತ್ತದೆ. ಕೆಲಸ ಶುರುವಾಗುವುದು ಆಮೇಲೆ. ಜಾಂಗ್ ಪ್ರಕರಣ ಮತ್ತೆ ತೆರೆದದ್ದು ಹೇಗೆ ಗೊತ್ತಾ? ಒಂಬತ್ತು ವರ್ಷದ ನಂತರ, 2018ರಲ್ಲಿ, ಮೀಟೂ ಮಾತು ಅಲ್ಲಿ ಜೋರಾಗಿದ್ದಾಗ, ಮತ್ತೆ ತನಿಖೆ ಮಾಡಿ ಎಂದು ಅಧ್ಯಕ್ಷರ ಕಚೇರಿಗೆ ಹಾಕಿದ ಆನ್‌ಲೈನ್ ಅರ್ಜಿಗೆ 2 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಒಂದು ತಿಂಗಳಲ್ಲಿ 2 ಲಕ್ಷ ದಾಟಿದರೆ ಸರ್ಕಾರ ಉತ್ತರ ಕೊಡಬೇಕು ಅನ್ನುವುದು ಆಗಿನ ವ್ಯವಸ್ಥೆ. ಆ ಜನ ಯಾರನ್ನು ನೇಣಿಗೆ ಹಾಕಬೇಕು ಅಂತ ಕೇಳಲಿಲ್ಲ, ತನಿಖೆ ಕೇಳಿದರು. ನ್ಯಾಯ ಸಚಿವಾಲಯದ ಸಮಿತಿಯ ತಂಡ 13 ತಿಂಗಳು ಕೂತು 84 ಜನರ ಹೇಳಿಕೆ ಪಡೆಯಿತು. 2019ರ ಮೇ 20ರಂದು ಫಲಿತಾಂಶ ಹೇಳಿತು: ಮೊದಲ ತನಿಖೆ ಸರಿ ಇರಲಿಲ್ಲ, ಏಜೆನ್ಸಿ ಮುಖ್ಯಸ್ಥ ಕೋರ್ಟಿನಲ್ಲಿ ಸುಳ್ಳು ಹೇಳಿದ ಬಗ್ಗೆ ತನಿಖೆ ಮಾಡಿ, ಆದರೆ ಲೈಂಗಿಕ ದೌರ್ಜನ್ಯದ ಕೇಸನ್ನು ಮತ್ತೆ ನಡೆಸಲು ಸಾಕ್ಷಿ ಸಾಲದು, ಹೆಚ್ಚಿನ ಅಪರಾಧಗಳಿಗೆ ಕಾಲಮಿತಿಯೂ ಮೀರಿದೆ.

ಕಾಲಮಿತಿ. ಇದನ್ನೇ ನಾವು ಮೊದಲ ದಿನದಿಂದ ನೋಡುತ್ತಿರಬೇಕು. ಆರೋಪ ಮಾಡಿದ ಅಪರಾಧಕ್ಕೆ ಆ ದೇಶದಲ್ಲಿ ಎಷ್ಟು ವರ್ಷದೊಳಗೆ ಕೇಸು ಹಾಕಬೇಕು, ಆ ಗಡಿ ಯಾವ ವರ್ಷ ಮುಗಿಯುತ್ತದೆ ಅಂತ ಪತ್ತೆ ಮಾಡಿ, ಆ ನೋಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಸಾವಿನ ಬಗ್ಗೆ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ವಿಚಾರಣೆ ಇದ್ದರೆ ಅದರ ದಿನಾಂಕ, ಮುಚ್ಚಿದ ಕೋರ್ಟ್ ಕಡತ ಇದ್ದರೆ ಅದನ್ನು ತೆರೆಯಲು ಯಾರು ಅರ್ಜಿ ಹಾಕಿದ್ದಾರೆ ಅನ್ನುವುದು, ಇವೆರಡನ್ನೂ ಕೆಳಗೆ ಸೇರಿಸಿ. ಜುಫ್ರೆ ಸತ್ತ ಆರು ತಿಂಗಳಿಗೆ, 2025ರ ಅಕ್ಟೋಬರ್‌ನಲ್ಲಿ, ಅವರ ಆತ್ಮಕಥೆ ಹೊರಬಂತು, ಅದೇ ತಿಂಗಳು ಆಂಡ್ರೂ ತಮ್ಮ ರಾಜಮನೆತನದ ಬಿರುದುಗಳನ್ನು ಕಳೆದುಕೊಂಡರು. ಅದಕ್ಕೆ ಇದ್ದ ದೊಡ್ಡ ಕಾರಣಗಳಲ್ಲಿ ಒಂದು ಜುಫ್ರೆ ಬದುಕಿದ್ದಾಗ ಹೇಳಿ, ಬರೆದು, ದಾಖಲೆ ಮಾಡಿಟ್ಟದ್ದು. ಸಾವಿನ ಬಗ್ಗೆ ಹುಟ್ಟಿದ ಯಾವ ಊಹೆಯೂ ಅಲ್ಲಿ ಕೆಲಸ ಮಾಡಲಿಲ್ಲ.

ಅಧಿಕೃತ ವರದಿ ಬಂದ ದಿನ ಸುದ್ದಿಯ ತಲೆಬರಹ ಬಿಟ್ಟು ವರದಿಯ ಕೊನೆಗೆ ಹೋಗಿ, ಶಿಫಾರಸುಗಳನ್ನು ಮೊದಲು ಓದಿ. ಪ್ರತಿ ಶಿಫಾರಸಿನ ಎದುರಿಗೆ ಅದನ್ನು ಮಾಡಬೇಕಾದ ಇಲಾಖೆಯ ಹೆಸರು ಬರೆಯಿರಿ. ಆರು ತಿಂಗಳು ಬಿಟ್ಟು ಆ ಇಲಾಖೆ ಏನು ಮಾಡಿತು ಅಂತ ಹುಡುಕಿ, ಏನೂ ಮಾಡಿಲ್ಲ ಅಂದರೆ ಆಗ ಹಂಚಿ, ಜೋರಾಗಿ ಹಂಚಿ, ಆಕೆ ಬರೆದ ಮೂಲ ಮಾತಿನ ಜೊತೆಗೆ.